ಅಕ್ಕಿ ಗಿರಣಿಯ ಕಾರ್ಡ್‌ಲೆಸ್ ಫೋನ್‌ನಿಂದ ಮೊಬೈಲ್ ಟವರ್‌ಗೆ ಅಡಚಣೆ: ಸೆಟ್ಟಿಂಗ್ ಬದಲಿಸಿದರೆ ಸಾಕೇ?

ಪ್ರಶ್ನೆ (ಗಂಗಾವತಿಯಿಂದ)

ನಮಸ್ಕಾರ. ನಮ್ಮ ಅಕ್ಕಿ ಗಿರಣಿಯ ಆಫೀಸು, ವೇಬ್ರಿಡ್ಜ್, ಡ್ರೈಯರ್ ಮತ್ತು ಗೋದಾಮುಗಳ ನಡುವೆ ಮಾತನಾಡಲು ಅನುಕೂಲವಾಗಲೆಂದು ಕಾರ್ಡ್‌ಲೆಸ್ ಫೋನ್ ವ್ಯವಸ್ಥೆಯೊಂದನ್ನು ಇಪಿಎಬಿಎಕ್ಸ್‌ಗೆ (ಆಫೀಸಿನ ಒಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಜೋಡಿಸಿದ್ದೇವೆ. ಬೇಸ್ (ಹ್ಯಾಂಡ್‌ಸೆಟ್‌ಗಳಿಗೆ ತರಂಗ ಕಳುಹಿಸುವ ಮೂಲ ಪೆಟ್ಟಿಗೆ) ಮತ್ತು ಹ್ಯಾಂಡ್‌ಸೆಟ್‌ಗಳನ್ನು ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟರು. ಮಾತು ಸ್ಪಷ್ಟವಾಗಿಯೇ ಕೇಳುತ್ತದೆ. ಆದರೆ ಮೊಬೈಲ್ ಕಂಪನಿಯ ಸಿಬ್ಬಂದಿ ಕೈಯಲ್ಲಿ ಆಂಟೆನಾ ಹಿಡಿದು ಸುತ್ತಾಡಿ, ಹತ್ತಿರದ ಟವರ್‌ಗೆ ಆಗುತ್ತಿರುವ ಅಡಚಣೆ ನಮ್ಮ ಆಫೀಸಿನಿಂದಲೇ ಬರುತ್ತಿದೆ ಎಂದು ಹೇಳಿಹೋಗಿದ್ದಾರೆ. ಬೇಸ್‌ನ ತಳದ ಚೀಟಿಯಲ್ಲಿ ‘ಡೆಕ್ಟ್ 6.0’, ‘120 ವೋಲ್ಟ್, 60 ಹರ್ಟ್ಸ್’ ಎಂದಿದ್ದು, ಕೆಳಗೆ ಎಫ್‌ಸಿಸಿ (ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ) ಸಂಖ್ಯೆಯೊಂದಿದೆ. ಸೆಟ್ಟಿಂಗ್ ಬದಲಿಸಿ ಇದನ್ನು ಇಲ್ಲಿಗೆ ಹೊಂದಿಸಬಹುದೇ?

ಉತ್ತರ (ಬಳ್ಳಾರಿಯಿಂದ)

ಸರ್, ದಯವಿಟ್ಟು ಮೊದಲು ಬೇಸ್‌ನ ಪ್ಲಗ್ ಕಿತ್ತುಬಿಡಿ. ಉಳಿದದ್ದನ್ನು ಆಮೇಲೆ ನೋಡೋಣ. ಬೇಸ್ ಸದಾ ತರಂಗ ಹೊರಡಿಸುತ್ತಲೇ ಇರುವುದರಿಂದ ಯಾರೂ ಮಾತನಾಡದಿದ್ದರೂ ಅಡಚಣೆ ನಿಲ್ಲುವುದಿಲ್ಲ.

ಚೀಟಿಯಲ್ಲಿಯೇ ಕಾರಣವಿದೆ. ಡೆಕ್ಟ್ ಎನ್ನುವುದು ಕಾರ್ಡ್‌ಲೆಸ್ ಫೋನ್‌ಗಳ ಒಂದು ರೇಡಿಯೊ ಮಾನದಂಡ. ಅಮೆರಿಕದ ಡೆಕ್ಟ್ 6.0 ಫೋನ್‌ಗಳು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ನಮ್ಮ ಮಾರುಕಟ್ಟೆಗೆ ಬರುವ ಡೆಕ್ಟ್ ಫೋನ್‌ಗಳು 1880ರಿಂದ 1900ರಲ್ಲಿ. 2100 ಮೆಗಾಹರ್ಟ್ಸ್ ಮೊಬೈಲ್ ಸೇವೆಯಲ್ಲಿ ಜನರ ಮೊಬೈಲ್‌ಗಳು ಟವರ್‌ಗೆ ಸಂಕೇತ ಕಳುಹಿಸುವ ತರಂಗ ಪಟ್ಟಿ (ಬ್ಯಾಂಡ್) 1920ರಿಂದ 1980. ನಿಮ್ಮ ಫೋನ್ ಕೂತಿರುವುದು ಅದರೊಳಗೇ. ದೂರದ ಮೊಬೈಲ್‌ಗಳಿಂದ ಬರುವ ಅತ್ಯಂತ ಕ್ಷೀಣ ಸಂಕೇತವನ್ನು ಟವರ್ ಹಿಡಿಯಬೇಕಾಗಿರುವಾಗ, ಪಕ್ಕದಲ್ಲೇ ಇರುವ ಬೇಸ್‌ನ ತರಂಗ ಅದನ್ನು ಮುಚ್ಚಿಹಾಕುತ್ತದೆ. ನಿಮ್ಮ ಫೋನ್ ಚೆನ್ನಾಗಿದ್ದೂ ಊರಿನವರ ಕರೆಗಳು ಕೆಡುವುದು ಹೀಗೆ.

ಸೆಟ್ಟಿಂಗ್ ಬದಲಿಸುವ ಮಾತನ್ನು ಬಿಟ್ಟುಬಿಡಿ. ಇಂತಹ ಬೇಸ್‌ಗಳಲ್ಲಿ ತರಂಗ ಪಟ್ಟಿಯನ್ನು ತಯಾರಕರೇ ನಿಗದಿಪಡಿಸಿರುತ್ತಾರೆ. ಯಾರಾದರೂ ಸಾಫ್ಟ್‌ವೇರ್ ತಿದ್ದಿಕೊಟ್ಟರೂ ಅದಕ್ಕೆ ಇಲ್ಲಿನ ಸರ್ಕಾರಿ ಅನುಮೋದನೆ ಬರುವುದಿಲ್ಲ, ಏಕೆಂದರೆ ಅನುಮೋದನೆ ದೊರೆಯುವುದು ಪರೀಕ್ಷೆಗೆ ಒಳಪಟ್ಟ ನಿರ್ದಿಷ್ಟ ಮಾದರಿಗೆ. ಅಮೆರಿಕದ ಎಫ್‌ಸಿಸಿ ಸಂಖ್ಯೆಗೆ ಇಲ್ಲಿ ಬೆಲೆಯಿಲ್ಲ.

ಹೊಸದನ್ನು ಕೊಳ್ಳುವಾಗ ಅಂಗಡಿಯವರಿಂದ ಎರಡು ದಾಖಲೆಗಳ ಪ್ರತಿ ಕೇಳಿ: ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ (ರೇಡಿಯೊ ತರಂಗಗಳನ್ನು ನೋಡಿಕೊಳ್ಳುವ) ವಿಭಾಗದ ಇಟಿಎ (ಉಪಕರಣ ಮಾದರಿ ಅನುಮೋದನೆ) ಮತ್ತು ಅದೇ ಇಲಾಖೆಯ ತಾಂತ್ರಿಕ ಸಂಸ್ಥೆಯಾದ ಟಿಇಸಿಯ ಎಂಟಿಸಿಟಿಇ ಪ್ರಮಾಣಪತ್ರ. ಮೊದಲನೆಯದು ರೇಡಿಯೊ ಭಾಗಕ್ಕೆ ಸಂಬಂಧಿಸಿದ್ದು. ಎರಡನೆಯದು ದೂರಸಂಪರ್ಕ ಉಪಕರಣಗಳ ಕಡ್ಡಾಯ ಪರೀಕ್ಷೆ ಮತ್ತು ಪ್ರಮಾಣೀಕರಣಕ್ಕೆ ಸಂಬಂಧಿಸಿದ್ದು, ಅದರ ವ್ಯಾಪ್ತಿಗೆ ಕಾರ್ಡ್‌ಲೆಸ್ ಫೋನ್ ಮತ್ತು ಇಪಿಎಬಿಎಕ್ಸ್ ಎರಡೂ ಬರುತ್ತವೆ. ಪ್ರಮಾಣಪತ್ರದಲ್ಲಿರುವ ಮಾದರಿ ಸಂಖ್ಯೆ ಡಬ್ಬಿಯ ಮೇಲಿನದಕ್ಕೆ ಅಕ್ಷರಶಃ ತಾಳೆಯಾಗಬೇಕು. ಕೊನೆಯ ಒಂದು ಅಕ್ಷರ ಬೇರೆಯಾದರೂ ಅದು ಬೇರೆ ದೇಶದ ಮಾದರಿಯಾಗಿರಬಹುದು. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನೂ ನೋಡಿಕೊಳ್ಳಿ.

ಮರುಪ್ರಶ್ನೆ (ಗಂಗಾವತಿಯಿಂದ)

ಬೇಸ್ ಬಂದ್ ಮಾಡಿದ್ದೇವೆ, ಧನ್ಯವಾದ. ತಗಡಿನ ಗೋದಾಮಿನೊಳಗೆ ಮೊದಲೂ ಕಾರ್ಡ್‌ಲೆಸ್ ಫೋನ್‌ನ ಸಿಗ್ನಲ್ ಸಿಗುತ್ತಿರಲಿಲ್ಲ, ಬೂಸ್ಟರ್ ಹಾಕಬಹುದೇ? ರಾಯಚೂರಿನ ನಮ್ಮ ಶಾಖೆಯನ್ನೂ ಇಂಟರ್‌ನೆಟ್ ಮೂಲಕ ಇದೇ ಇಪಿಎಬಿಎಕ್ಸ್‌ಗೆ ಜೋಡಿಸುವ ಯೋಚನೆಯಿದೆ.

ಉತ್ತರ (ಬಳ್ಳಾರಿಯಿಂದ)

ಬಜಾರಿನಲ್ಲಿ ಸಿಗುವ ಬೂಸ್ಟರ್ ಬೇಡವೇ ಬೇಡ. ಅನುಮತಿಯಿಲ್ಲದೆ ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಡೆಕ್ಟ್ ಸಂಕೇತ ಬಯಲಿನಲ್ಲಿ ಸುಮಾರು 300 ಮೀಟರ್ ಹೋದರೂ ಕಟ್ಟಡದೊಳಗೆ 50 ಮೀಟರ್ ಆಸುಪಾಸಿಗೆ ಇಳಿಯುತ್ತದೆ, ತಗಡು ಮತ್ತು ಧಾನ್ಯ ಮೇಲೆತ್ತುವ ಕಬ್ಬಿಣದ ಎಲಿವೇಟರ್‌ಗಳ ನಡುವೆ ಇನ್ನೂ ಕಡಿಮೆ. ಆದ್ದರಿಂದ ಹಲವು ಬೇಸ್‌ಗಳನ್ನು ಜೋಡಿಸಬಲ್ಲ ವ್ಯವಸ್ಥೆಯನ್ನೇ ಕೊಂಡು, ಗೋದಾಮಿನ ಒಳಗೊಂದು ಬೇಸ್ ಎತ್ತರದಲ್ಲಿ ಕೂರಿಸಿ, ಆಫೀಸಿನಿಂದ ಅದಕ್ಕೆ ಕೇಬಲ್ ಎಳೆಯಿರಿ. ರಿಪೀಟರ್ (ಬೇಸ್‌ನ ಸಂಕೇತವನ್ನು ಮುಂದಕ್ಕೆ ದಾಟಿಸುವ ಸಾಧನ) ಬೇಕಾದರೆ ಅದಕ್ಕೂ ಪ್ರತ್ಯೇಕ ಅನುಮೋದನೆ ಇರಬೇಕು.

ಎರಡು ಶಾಖೆಗಳವರು ಇಂಟರ್‌ನೆಟ್ ಮೂಲಕ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವುದು ಒಂದು ವಿಷಯ. ರಾಯಚೂರಿನ ಕರೆಯನ್ನು ಅದೇ ದಾರಿಯಲ್ಲಿ ತಂದು ಗಂಗಾವತಿಯ ಲ್ಯಾಂಡ್‌ಲೈನ್‌ನಿಂದ ಹೊರಗಿನವರಿಗೆ ದಾಟಿಸಿ ದೂರದ ಕರೆಯ ಶುಲ್ಕ ತಪ್ಪಿಸುವುದು ಬೇರೆ, ಅದಕ್ಕೆ ಅವಕಾಶವಿಲ್ಲ. ಇಪಿಎಬಿಎಕ್ಸ್ ಹೊಂದಿಸುವವರಿಗೆ ಆ ದಾರಿ ಮುಚ್ಚಲು ಹೇಳಿ, ನಿಮ್ಮ ಜೋಡಣೆಯ ನಕ್ಷೆಯನ್ನು ಲೈನ್ ಕೊಟ್ಟಿರುವ ಕಂಪನಿಗೆ ತೋರಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಹಳೆಯ ಸೆಟ್ಟನ್ನು ಯಾರಿಗೂ ಮಾರಬೇಡಿ. ನೋಂದಾಯಿತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ.