ರಾಣಿಗಳ ಲೆಕ್ಕಕ್ಕೆ ಮನೆಯ ಕಂಪ್ಯೂಟರ್ ಕೊಡಬಹುದೇ? ಅನುಭವವಿರುವವರು ತಿಳಿಸಿ

ಪ್ರಶ್ನೆ: ಚದುರಂಗದ ಹಲಗೆಯ ಮೇಲೆ ಸಾಲಿಗೊಂದರಂತೆ ರಾಣಿಗಳನ್ನು, ಯಾವುದೂ ಇನ್ನೊಂದನ್ನು ಹೊಡೆಯದಂತೆ, ಒಟ್ಟು ಎಷ್ಟು ರೀತಿಯಲ್ಲಿ ಇಡಬಹುದೆಂದು ಎಣಿಸುವ ಕೆಲಸಕ್ಕೆ ನನ್ನ ಕಂಪ್ಯೂಟರಿನ ಬಿಡುವಿನ ಸಮಯವನ್ನು ಕೊಡಬೇಕೆಂದಿದ್ದೇನೆ. ಇರುವುದು ಹಳೆಯ ಲ್ಯಾಪ್‌ಟಾಪ್ ಒಂದೇ. ಅದರಿಂದ ಪ್ರಯೋಜನವಾದೀತೇ? ಅದಕ್ಕೆ ಹಾನಿಯೇನಾದರೂ ಆದೀತೇ?

ಉತ್ತರ 1: ಪ್ರಯೋಜನ ಖಂಡಿತ ಇದೆ. ಅದು ಏಕೆಂದು ತಿಳಿಯಲು ಸಮಸ್ಯೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು. 1848ರಲ್ಲಿ ಚದುರಂಗದ ಸಮಸ್ಯೆಗಳನ್ನು ರಚಿಸುತ್ತಿದ್ದ ಮ್ಯಾಕ್ಸ್ ಬೆಜೆಲ್ ಎಂಟು ರಾಣಿಗಳ ಪ್ರಶ್ನೆಯನ್ನು ಮುಂದಿಟ್ಟರು. ಅದಕ್ಕೆ 92 ಉತ್ತರಗಳಿವೆ. ಹಲಗೆ ದೊಡ್ಡದಾದರೂ ಒಂದು ಉತ್ತರವನ್ನು ಹುಡುಕುವುದು ಕಷ್ಟವಲ್ಲ. ಆದರೆ ಎಲ್ಲ ಉತ್ತರಗಳನ್ನು ಎಣಿಸಿಕೊಡುವ ಸುಲಭ ಸೂತ್ರ ಇದುವರೆಗೆ ಸಿಕ್ಕಿಲ್ಲವಾದ್ದರಿಂದ ಸಾಧ್ಯತೆಗಳನ್ನು ಜಾಲಾಡಲೇಬೇಕಾಗುತ್ತದೆ. 27×27 ಮನೆಗಳ ಹಲಗೆಯಲ್ಲಿ 27 ರಾಣಿಗಳಿಗಿರುವ ಉತ್ತರಗಳ ಸಂಖ್ಯೆ 234907967154122528. ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಇದಕ್ಕೆಂದೇ ಹೊಂದಿಸಿದ ಚಿಪ್‌ಗಳನ್ನು ಬಳಸಿ 2016ರಲ್ಲಿ ಇದನ್ನು ಪಡೆಯಿತು.

ಈ ಎಣಿಕೆಯನ್ನು ಹಂಚಿಕೊಳ್ಳುವುದು ಬಹಳ ಸಲೀಸು. ಮೊದಲ ಕೆಲವು ಸಾಲುಗಳ ರಾಣಿಗಳನ್ನು ನಿಗದಿ ಮಾಡಿ, ಉಳಿದ ಸಾಲುಗಳನ್ನು ತುಂಬುವ ಕೆಲಸವನ್ನು ಒಂದು ತುಂಡಾಗಿ ಒಬ್ಬರಿಗೆ ಕಳಿಸಿದರೆ, ಅವರ ಕಂಪ್ಯೂಟರ್ ಮತ್ತೊಬ್ಬರದನ್ನು ಏನನ್ನೂ ಕೇಳಬೇಕಾಗಿಲ್ಲ. ಕೊನೆಯಲ್ಲಿ ಒಂದು ಸಂಖ್ಯೆಯನ್ನು ಹಿಂದಿರುಗಿಸಿದರೆ ಸಾಕು. ಚಿಲಿಯ ಕಾನ್ಸೆಪ್ಸಿಯಾನ್ ವಿಶ್ವವಿದ್ಯಾಲಯದ ಎನ್‌ಕ್ವೀನ್ಸ್ ಅಟ್ ಹೋಮ್ ಯೋಜನೆ ಮನೆಮನೆಯ ಕಂಪ್ಯೂಟರ್‌ಗಳ ಬಿಡುವಿನ ಸಮಯವನ್ನು ಒಟ್ಟುಗೂಡಿಸುವ ಬಾಯಿಂಕ್ ತಂತ್ರಾಂಶದ ಮೂಲಕ ಸ್ವಯಂಸೇವಕರಿಗೆ ಕೆಲಸ ಹಂಚಿದ್ದು ಹೀಗೆಯೇ. ಒಟ್ಟು ಮೊತ್ತವೇ ಗುರಿಯಾದ್ದರಿಂದ ಒಂದು ತುಂಡು ಬಾರದಿದ್ದರೂ ಲೆಕ್ಕ ಅಪೂರ್ಣ. ಹಾಗಾಗಿ ನಿಮ್ಮ ಯಂತ್ರದ ವೇಗಕ್ಕಿಂತ, ತೆಗೆದುಕೊಂಡ ತುಂಡನ್ನು ಗಡುವಿನೊಳಗೆ ಮುಗಿಸಿ ಕೊಡುವುದು ಮುಖ್ಯವೆಂದು ನನ್ನ ಅಭಿಪ್ರಾಯ. ಒಮ್ಮೆಗೇ ಹತ್ತಾರು ತುಂಡುಗಳನ್ನು ಇಳಿಸಿಕೊಳ್ಳಬೇಡಿ.

ಉತ್ತರ 2: ಹಾನಿಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಾನು ಮೊದಲ ವಾರ ಎಲ್ಲ ಕೋರ್‌ಗಳನ್ನೂ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳನ್ನು) ಪೂರ್ಣ ದುಡಿಸಿದೆ. ಫ್ಯಾನ್ ಹಗಲುರಾತ್ರಿ ಒಂದೇ ಸಮನೆ ಕಿರುಗುಟ್ಟುತ್ತಿತ್ತು, ಕೀಲಿಮಣೆಯ ಎಡಭಾಗ ಬೆರಳಿಡಲಾರದಷ್ಟು ಕಾಯುತ್ತಿತ್ತು. ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರೆ ಗಾಳಿ ಹೊರಹೋಗುವ ಜಾಲರಿಯ ಮೇಲೆ ಕಂಬಳಿಯ ಹಾಗೆ ದೂಳು ಕೂತಿತ್ತು. ಅದನ್ನು ತೆಗೆದು, ತಂತ್ರಾಂಶದ ಆಯ್ಕೆಗಳಲ್ಲಿ ಅರ್ಧದಷ್ಟು ಕೋರ್‌ಗಳನ್ನು ಮಾತ್ರ ಬಳಸುವಂತೆಯೂ, ಬ್ಯಾಟರಿಯಲ್ಲಿ ಓಡುವಾಗ ಕೆಲಸ ನಿಲ್ಲಿಸುವಂತೆಯೂ ಹೊಂದಿಸಿದ ಮೇಲೆ ಎರಡು ವರ್ಷ ಯಾವ ತೊಂದರೆಯೂ ಆಗಲಿಲ್ಲ.

ವೇಗ ಹೆಚ್ಚಿಸುವ ಆಸೆಗೆ ಪ್ರೊಸೆಸರನ್ನು ಅದರ ನಿಗದಿತ ಮಿತಿ ಮೀರಿ ಓಡಿಸಬೇಡಿ. ಒಂದೇ ತುಂಡನ್ನು ಎರಡು ಬೇರೆ ಕಂಪ್ಯೂಟರ್‌ಗಳಿಗೆ ಕೊಟ್ಟು ಎರಡೂ ಉತ್ತರಗಳು ತಾಳೆಯಾದರೆ ಮಾತ್ರ ಸ್ವೀಕರಿಸುವ ಪದ್ಧತಿ ಇಂಥ ಯೋಜನೆಗಳಲ್ಲಿ ಸಾಮಾನ್ಯ. ಬಿಸಿಯೇರಿದ ಯಂತ್ರ ಒಂದು ಬಿಟ್ (ಲೆಕ್ಕದ ಒಂದೇ ಒಂದು ಅಂಕಿ) ತಪ್ಪಿದರೂ ನಿಮ್ಮ ಅಷ್ಟೂ ಗಂಟೆಗಳ ದುಡಿಮೆ ತಿರಸ್ಕಾರವಾಗುತ್ತದೆ, ಮತ್ತೊಬ್ಬರು ಆ ತುಂಡನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ವಿದ್ಯುತ್ತನ್ನೂ ಗಮನಿಸಿ: 50 ವ್ಯಾಟ್ ಹೆಚ್ಚುವರಿ ಎಳೆಯುವ ಯಂತ್ರ 20 ಗಂಟೆಯಲ್ಲಿ ಒಂದು ಯೂನಿಟ್ ಖರ್ಚು ಮಾಡುತ್ತದೆ.

ಉತ್ತರ 3: ಮೇಲಿನವರು ಹೇಳದ ಒಂದು ಮಾತು. ಕೆಲಸ ನಡುವೆ ನಿಂತರೆ ಅದುವರೆಗಿನ ಲೆಕ್ಕವನ್ನು ಡಿಸ್ಕಿನಲ್ಲಿ ಉಳಿಸುವ ವ್ಯವಸ್ಥೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇದನ್ನು ತಿಳಿಯದೆ ನಾನು ಪ್ರತಿ ರಾತ್ರಿ ಕಂಪ್ಯೂಟರ್ ಆರಿಸುತ್ತಿದ್ದೆ. 90 ಪ್ರತಿಶತ ಮುಗಿದಿದ್ದ ತುಂಡು ಬೆಳಿಗ್ಗೆ ಸೊನ್ನೆಯಿಂದ ಶುರುವಾಗಿರುವುದನ್ನು ಮೂರನೆಯ ದಿನ ಗಮನಿಸಿದಾಗ ನಿಜಕ್ಕೂ ಸಂಕಟವಾಯಿತು. ಅಂಥ ಕೆಲಸವಾದರೆ ಚಿಕ್ಕ ತುಂಡುಗಳನ್ನೇ ಆರಿಸಿಕೊಳ್ಳಿ.

ಸೇರುವ ಮೊದಲು 6×6 ಮನೆಗಳ ಹಲಗೆಯನ್ನು ಕಾಗದದ ಮೇಲೆ ಬರೆದು ನಾಣ್ಯಗಳನ್ನಿಟ್ಟು ನೋಡಿ ಎಂದೂ ಹೇಳುತ್ತೇನೆ. ಸಾಲುಸಾಲಾಗಿ 2, 4, 6, 1, 3, 5ನೆಯ ಮನೆಗಳು ಒಂದು ಉತ್ತರ. ಇರುವುದು ನಾಲ್ಕೇ ಉತ್ತರ, ಅವು ನಾಲ್ಕೂ ಈ ಒಂದೇ ವಿನ್ಯಾಸವನ್ನು ತಿರುಗಿಸಿ, ಕನ್ನಡಿಯಲ್ಲಿ ಹಿಡಿದು ಪಡೆದವು. ನಿಮ್ಮ ಲ್ಯಾಪ್‌ಟಾಪ್ ರಾತ್ರಿಯಿಡೀ ಮಾಡುವುದು ಇದೇ ಕೆಲಸವನ್ನು: ಇಡುವುದು, ಹೊಡೆತ ಕಂಡರೆ ತೆಗೆಯುವುದು, ಪಕ್ಕದ ಮನೆಯಲ್ಲಿ ಮತ್ತೆ ಇಡುವುದು.