ಅಪ್‌ಡೇಟ್: ಕ್ಯೂಜಿಐಎಸ್‌ನಲ್ಲಿ ಡಿಪ್ ಚಿಹ್ನೆ ಅಡ್ಡ ತಿರುಗುತ್ತಿದ್ದದ್ದು ಸರಿಯಾಯಿತು

ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ, ಚಿತ್ರದುರ್ಗ ಶಿಸ್ಟ್ (ಪದರುಪದರಾದ ಶಿಲೆ) ಪಟ್ಟಿಯ ನಕ್ಷೆಯಲ್ಲಿ ಸ್ಟ್ರೈಕ್-ಡಿಪ್ ಚಿಹ್ನೆಗಳು (ಶಿಲಾಪದರ ಯಾವ ದಿಕ್ಕಿಗೆ ಹಾಯ್ದಿದೆ, ಯಾವ ಕಡೆಗೆ ಓರೆಯಾಗಿದೆ ಎಂದು ತೋರಿಸುವ ಗುರುತುಗಳು) 90 ಡಿಗ್ರಿ ತಪ್ಪಾಗಿ ಕೂರುತ್ತವೆ, ಕೆಲವು ತಿರುಗುವುದೇ ಇಲ್ಲ ಎಂದು ಕೇಳಿದ್ದೆ. ಕಾರಣ ಎರಡು.

ನನ್ನ ಟಿಪ್ಪಣಿಯಲ್ಲಿದ್ದದ್ದು ಡಿಪ್ ದಿಕ್ಕು, ಅಂದರೆ ಪದರ ಇಳಿಜಾರಾಗುವ ಕಡೆ. ಚಿಹ್ನೆಯ ಉದ್ದಗೆರೆ ಉತ್ತರಕ್ಕೆ, ಪುಟ್ಟ ಗೀಟು ಪೂರ್ವಕ್ಕೆ ಇರುವುದರಿಂದ ಅದಕ್ಕೆ ಬೇಕಾದದ್ದು ಬಲಗೈ ನಿಯಮದ ಸ್ಟ್ರೈಕ್, ಅಂದರೆ ಪದರ ನಮ್ಮ ಬಲಕ್ಕೆ ಇಳಿಯುವಂತೆ ನಿಂತಾಗ ಎದುರಿಗಿರುವ ದಿಕ್ಕು. ಹಾಗಾಗಿ ಚಿಹ್ನೆಗಳ ರೂಪ ಹೊಂದಿಸುವ ಸಿಂಬಾಲಜಿಯಲ್ಲಿ ರೊಟೇಶನ್ (ತಿರುಗಿಸುವ ಕೋನ) ಪಕ್ಕದ ಗುಂಡಿ ಒತ್ತಿ, ಎಡಿಟ್‌ನಲ್ಲಿ ಡಿಪ್ ದಿಕ್ಕಿನ ಕಾಲಂನಿಂದ 90 ಕಳೆಯಬೇಕು. ಡಿಪ್ ದಿಕ್ಕು 070 ಇದ್ದರೆ ಮೈನಸ್ 20, ಅಂದರೆ 340. ಋಣ ಸಂಖ್ಯೆ ಬಂದರೂ ಚಿಹ್ನೆ ಸರಿಯಾಗಿಯೇ ಕೂರುತ್ತದೆ.

ತಿರುಗದೆ ಉಳಿದ ಸಾಲುಗಳಲ್ಲಿ ಅಂಕಿಯ ಜತೆ ಡಿಗ್ರಿ ಚಿಹ್ನೆಯೂ ಟೈಪಾಗಿತ್ತು. ಆಗ ಇಡೀ ಕಾಲಂ ಪಠ್ಯವಾಗುತ್ತದೆ, ಆ ಸಾಲುಗಳ ಲೆಕ್ಕ ಕೆಡುತ್ತದೆ, ನಕ್ಷೆಯ ಚಿಹ್ನೆ ನೆಟ್ಟಗೆ ಉತ್ತರಕ್ಕೇ ನಿಲ್ಲುತ್ತದೆ. ಸಿಎಸ್‌ವಿಯಲ್ಲೇ (ಅಳತೆಗಳ ಪಟ್ಟಿಯಿರುವ ಕಡತದಲ್ಲೇ) ಡಿಗ್ರಿ ಚಿಹ್ನೆಯನ್ನು ಅಳಿಸಿ ಮತ್ತೆ ಲೋಡ್ ಮಾಡಿ. ಇದು ಕಣ್ಣಿಗೆ ಬೀಳದ ತಪ್ಪು, ದಯವಿಟ್ಟು ಮೊದಲು ಇದನ್ನೇ ನೋಡಿ.