ಸೋರುವ ರೇಡಿಯೇಟರ್ ಬದಲಿಸಲು ಇಡೀ ವ್ಯವಸ್ಥೆಯ ನೀರು ಖಾಲಿ ಮಾಡಬೇಕೇ?

ಪ್ರಶ್ನೆ: ಬಾಯ್ಲರ್‌ನ ಬಿಸಿನೀರಿನಿಂದ ಕೋಣೆಗಳನ್ನು ಬೆಚ್ಚಗಿಡುವ ನಮ್ಮ ಮನೆಯ ಸೆಂಟ್ರಲ್ ಹೀಟಿಂಗ್ ವ್ಯವಸ್ಥೆಯ ಒಂದು ಉಕ್ಕಿನ ರೇಡಿಯೇಟರ್‌ನಲ್ಲಿ ಕೆಳಗಿನ ಬೆಸುಗೆಯ ಬಳಿ ಸೂಜಿಮೊನೆಯಷ್ಟು ರಂಧ್ರವಾಗಿ ಕಂದು ನೀರು ಒಸರುತ್ತಿದೆ. ಇದೊಂದನ್ನು ಬದಲಿಸಲು ಎಲ್ಲ ನೀರನ್ನೂ ಖಾಲಿ ಮಾಡಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಬೇಕಿಲ್ಲ. ಬಾಯ್ಲರ್ ಆರಿಸಿ, ನೀರು ತಣಿದ ಮೇಲೆ ರೇಡಿಯೇಟರ್‌ನ ಎರಡೂ ಬದಿಯ ವಾಲ್ವ್‌ಗಳನ್ನು ಮುಚ್ಚಿದರೆ ಸಾಕು. ಆದರೆ ಲಾಕ್‌ಶೀಲ್ಡ್ ವಾಲ್ವನ್ನು (ರೇಡಿಯೇಟರ್‌ಗೆ ಹರಿಯುವ ನೀರಿನ ಪ್ರಮಾಣವನ್ನು ಹೊಂದಿಸಿಟ್ಟಿರುವ, ಮುಚ್ಚಳವಿರುವ ವಾಲ್ವ್) ಮುಚ್ಚಲು ಎಷ್ಟು ಸುತ್ತು ತಿರುಗಿಸಿದಿರೆಂದು ಬರೆದಿಟ್ಟುಕೊಳ್ಳಿ. ಮರಳಿ ಅಷ್ಟೇ ಸುತ್ತು ತೆರೆಯದಿದ್ದರೆ ಉಳಿದ ಕೋಣೆಗಳಿಗೆ ಶಾಖದ ಹಂಚಿಕೆ ಏರುಪೇರಾಗುತ್ತದೆ.

ಉತ್ತರ 2: ಮೇಲಿನ ಮಾತಿಗೆ ಒಂದು ಸೇರ್ಪಡೆ. ಇನ್ನೊಂದು ಬದಿಯಲ್ಲಿ ಥರ್ಮೋಸ್ಟಾಟ್ ವಾಲ್ವ್ (ಕೋಣೆಯ ಉಷ್ಣತೆಗೆ ತಕ್ಕಂತೆ ತಾನಾಗಿಯೇ ತೆರೆದು ಮುಚ್ಚುವ ವಾಲ್ವ್) ಇದ್ದರೆ, ಅದನ್ನು ಕನಿಷ್ಠಕ್ಕಿಟ್ಟ ಮಾತ್ರಕ್ಕೆ ಅದು ಮುಚ್ಚಿದಂತಾಗುವುದಿಲ್ಲ. ಕೋಣೆ ತೀರಾ ತಣ್ಣಗಾದರೆ, ನೀರು ಹೆಪ್ಪುಗಟ್ಟದಿರಲೆಂದು ಅದು ತಾನಾಗಿಯೇ ತೆರೆದುಕೊಳ್ಳಬಹುದಾದ್ದರಿಂದ, ರೇಡಿಯೇಟರ್ ಕಳಚಿದೊಡನೆ ವಾಲ್ವಿನ ಬಾಯಿಗೆ ಮುಚ್ಚಳ ಬಿಗಿಯಿರಿ.

ಉತ್ತರ 3: ತುಕ್ಕು ಒಳಗಿನಿಂದ ಹಿಡಿದಿದ್ದರೆ ರೇಡಿಯೇಟರ್ ಮಾತ್ರ ಬದಲಿಸುವುದು, ನನ್ನ ಮಟ್ಟಿಗೆ, ದುಡ್ಡು ದಂಡ. ಕಳಚುವಾಗ ಮಸಿಯಂಥ ಕಪ್ಪು ಕೆಸರು ಬಂದರೆ ಅದು ಮ್ಯಾಗ್ನೆಟೈಟ್, ಅಂದರೆ ಸವೆದ ಉಕ್ಕಿನಿಂದಾದ ಆಕ್ಸೈಡ್. ಆಗ ಇಡೀ ವ್ಯವಸ್ಥೆಯನ್ನು ತೊಳೆಸಿ, ತುಕ್ಕುನಿರೋಧಕ ದ್ರಾವಣವನ್ನು ಸೇರಿಸಬೇಕು. ಒತ್ತಡದ ಮೇಲೆ ನಡೆಯುವ ವ್ಯವಸ್ಥೆಯಾದರೆ, ಒಳಗಿನ ಗಾಳಿ ಬಿಟ್ಟ ಬಳಿಕ, ತಣ್ಣಗಿರುವಾಗ ಒತ್ತಡವು ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಪದೇ ಪದೇ ನೀರು ತುಂಬಿಸಬೇಕಾಗಿ ಬಂದರೆ ಸುಮ್ಮನಿರಬೇಡಿ, ಏಕೆಂದರೆ ಪ್ರತಿ ಸಲವೂ ಹೊಸ ನೀರಿನೊಂದಿಗೆ ಆಮ್ಲಜನಕ ಒಳಹೋಗಿ ತುಕ್ಕನ್ನು ಹೆಚ್ಚಿಸುತ್ತದೆ.